ಅನುಮತಿ ಮೀರದೆಯೂ ಸೋರುವ ಮಾಹಿತಿ: ಪ್ರವೇಶ ನಿಯಂತ್ರಣವಿರುವ ಗಣಕ ವ್ಯವಸ್ಥೆಗಳಲ್ಲಿ ಅಕ್ರಮ ಹರಿವನ್ನು ತಡೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯವಸ್ಥೆಗಳನ್ನು ಕಟ್ಟುವವರು, ಅವುಗಳ ಆಡಳಿತ ನೋಡಿಕೊಳ್ಳುವವರು ಮತ್ತು ಗಣಕ ಭದ್ರತೆಯನ್ನು ಅಭ್ಯಾಸ ಮಾಡುತ್ತಿರುವವರು ಈ ವಿಷಯದಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬಳಕೆದಾರ, ಕಡತ, ಓದುವ ಅನುಮತಿ, ಬರೆಯುವ ಅನುಮತಿ ಎಂಬ ಮಾತುಗಳ ಪರಿಚಯವಿದ್ದರೆ ಸಾಕು. ಉಳಿದದ್ದನ್ನು ಬೇಕಾದಲ್ಲಿ ವಿವರಿಸಿದೆ.

ಪ್ರತಿಯೊಂದು ಕಡತಕ್ಕೂ ಯಾರು ಏನು ಮಾಡಬಹುದು ಎಂದು ನಿಗದಿ ಮಾಡಿದ್ದೇವೆ. ಹಾಗಿದ್ದೂ ಮಾಹಿತಿ ಸಲ್ಲದವರ ಕೈಗೆ ಹೋಗುವುದು ಹೇಗೆ?

ಅನುಮತಿಯ ಪರಿಶೀಲನೆ ಒಂದೊಂದು ಕ್ರಿಯೆಯನ್ನೂ ಬಿಡಿಬಿಡಿಯಾಗಿ ನೋಡುತ್ತದೆ. ಈ ಬಳಕೆದಾರ ಈ ಕಡತವನ್ನು ಓದಬಹುದೇ, ಆ ಕಡತಕ್ಕೆ ಬರೆಯಬಹುದೇ ಎಂಬಷ್ಟನ್ನೇ ಅದು ಕೇಳುತ್ತದೆ. ಓದಿದ ವಿಷಯ ಆಮೇಲೆ ಎಲ್ಲಿಗೆ ಹೋಯಿತು ಎಂಬುದು ಅದರ ಗಮನಕ್ಕೆ ಬರುವುದೇ ಇಲ್ಲ.

ಒಂದು ಸಂಸ್ಥೆಯಲ್ಲಿ ವೇತನದ ಕಡತವೂ ಯೋಜನೆಯೊಂದರ ಟಿಪ್ಪಣಿ ಕಡತವೂ ಇವೆ ಎಂದಿಟ್ಟುಕೊಳ್ಳೋಣ. ಲೆಕ್ಕ ವಿಭಾಗದ ಅಧಿಕಾರಿ ವೇತನದ ಕಡತವನ್ನು ಓದಬಹುದು, ಟಿಪ್ಪಣಿ ಕಡತಕ್ಕೆ ಬರೆಯಬಹುದು. ಯೋಜನೆಯ ಎಂಜಿನಿಯರ್ ಟಿಪ್ಪಣಿಯನ್ನು ಓದಬಹುದು, ಆದರೆ ವೇತನದ ಕಡತ ಅವರಿಗೆ ಮುಚ್ಚಿದೆ. ಅಧಿಕಾರಿ ವೇತನದ ಕೆಲವು ಸಾಲುಗಳನ್ನು ಟಿಪ್ಪಣಿಗೆ ಸೇರಿಸುತ್ತಾರೆ, ಎಂಜಿನಿಯರ್ ಟಿಪ್ಪಣಿಯನ್ನು ತೆರೆಯುತ್ತಾರೆ. ಇಲ್ಲಿ ನಡೆದ ಮೂರು ಕ್ರಿಯೆಗಳಿಗೂ ಅನುಮತಿಯಿತ್ತು. ದಾಖಲೆ ಪುಸ್ತಕವನ್ನು ತಡಕಿದರೂ ಒಂದೇ ಒಂದು ಉಲ್ಲಂಘನೆ ಸಿಗುವುದಿಲ್ಲ. ಆದರೂ ನೇರವಾಗಿ ಓದಲಾಗದ ವಿಷಯವನ್ನು ಎಂಜಿನಿಯರ್ ಓದಿಯಾಗಿದೆ. ನೇರ ದಾರಿಯಲ್ಲಿ ನಿಷಿದ್ಧವಾದ ವಿಷಯ ಸುತ್ತು ದಾರಿಯಲ್ಲಿ ತಲುಪುವ ಇಂಥ ಹರಿವನ್ನೇ ಈ ಪುಟದಲ್ಲಿ ಅಕ್ರಮ ಹರಿವು ಎಂದು ಕರೆದಿದೆ.

ನಮ್ಮ ಬಳಕೆದಾರರು ನಂಬಿಕಸ್ಥರು. ಆಗಲೂ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕೇ?

ಬೇಕು, ಏಕೆಂದರೆ ಕಡತಗಳನ್ನು ಮುಟ್ಟುವುದು ಬಳಕೆದಾರರಲ್ಲ, ಅವರ ಹೆಸರಿನಲ್ಲಿ ಓಡುವ ಪ್ರೋಗ್ರಾಮ್‌ಗಳು. ಕಡತದ ಮಾಲೀಕರೇ ಅನುಮತಿ ಹಂಚುವ ಸಾಮಾನ್ಯ ವ್ಯವಸ್ಥೆಯಲ್ಲಿ ಪ್ರೋಗ್ರಾಮ್‌ಗೆ ಅದನ್ನು ಓಡಿಸಿದವರ ಎಲ್ಲ ಅನುಮತಿಗಳೂ ದಕ್ಕುತ್ತವೆ. ಉಪಯುಕ್ತ ಕೆಲಸ ಮಾಡುತ್ತಲೇ ಒಳಗೊಳಗೆ ನಕಲು ತೆಗೆಯುವ ಟ್ರೋಜನ್ ಪ್ರೋಗ್ರಾಮ್ ಒಂದನ್ನು ಅತ್ಯಂತ ಪ್ರಾಮಾಣಿಕ ಅಧಿಕಾರಿಯೂ ಅರಿಯದೆ ಓಡಿಸಬಹುದು. ಅವರ ಪ್ರಾಮಾಣಿಕತೆ ಆ ಪ್ರೋಗ್ರಾಮ್‌ಗೆ ಅಂಟಿಕೊಳ್ಳುವುದಿಲ್ಲ. ಇನ್ನು ದುರುದ್ದೇಶವೇ ಇಲ್ಲದ ಸೋರಿಕೆಗಳೂ ಇವೆ. ಅವಸರದಲ್ಲಿ ಮಾಡಿದ ನಕಲು, ತಪ್ಪು ಫೋಲ್ಡರಿನಲ್ಲಿ ಉಳಿದ ವರದಿ, ಅಗತ್ಯಕ್ಕಿಂತ ಹೆಚ್ಚು ವಿವರ ಬರೆದಿಡುವ ಲಾಗ್ ಕಡತ ಇವೆಲ್ಲ ದಿನನಿತ್ಯದ ಸಂಗತಿಗಳು.

ಅನುಮತಿಗಳ ಕೋಷ್ಟಕವನ್ನು ಪರೀಕ್ಷಿಸಿ ಇಂಥ ದಾರಿಗಳನ್ನು ಮೊದಲೇ ಪತ್ತೆ ಹಚ್ಚಲು ಸಾಧ್ಯವೇ?

ಅನುಮತಿಗಳು ಬದಲಾಗುವುದಿಲ್ಲ ಎಂದಾದರೆ ಸಾಧ್ಯ, ಮತ್ತು ಅದು ಕಷ್ಟವೂ ಅಲ್ಲ. ಒಬ್ಬ ಬಳಕೆದಾರ ಒಂದು ಕಡತವನ್ನು ಓದಿ ಇನ್ನೊಂದಕ್ಕೆ ಬರೆಯಬಲ್ಲನಾದರೆ ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಬಾಣ ಎಳೆಯಿರಿ. ಎಲ್ಲ ಬಳಕೆದಾರರಿಗೂ ಹೀಗೆ ಮಾಡಿದ ಮೇಲೆ ಸಿಗುವ ಚಿತ್ರದಲ್ಲಿ ಬಾಣದ ಹಿಂದೆ ಬಾಣ ಹಿಡಿದು ಹೋದರೆ ಯಾವ ಕಡತದ ವಿಷಯ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಕಾಣುತ್ತದೆ. ದಾರಿಯ ತುದಿಯ ಕಡತವನ್ನು ಓದಬಲ್ಲ, ಆದರೆ ಮೂಲದ ಕಡತವನ್ನು ಓದಲಾಗದ ಬಳಕೆದಾರ ಒಬ್ಬನಿದ್ದರೂ ಅಲ್ಲಿ ಅಕ್ರಮ ಹರಿವಿಗೆ ಅವಕಾಶವಿದೆ. ಯಾವ ಹೊಸ ಸಾಧನವನ್ನೂ ಕೊಳ್ಳುವ ಮೊದಲು ಈ ಚಿತ್ರವನ್ನು ಒಮ್ಮೆ ಬರೆದು ನೋಡಬೇಕೆಂಬುದು ನನ್ನ ಬಲವಾದ ಸಲಹೆ. ಮಧ್ಯಮ ಗಾತ್ರದ ವ್ಯವಸ್ಥೆಯಲ್ಲೂ ಬಹುಪಾಲು ಕಡತಗಳಿಂದ ಬಹುಪಾಲು ಕಡತಗಳಿಗೆ ದಾರಿ ಇರುವುದು ಕಂಡುಬರುವುದುಂಟು.

ಅನುಮತಿಗಳೇ ಬದಲಾಗುತ್ತ ಹೋಗುವ, ಹೊಸ ಬಳಕೆದಾರರೂ ಕಡತಗಳೂ ಹುಟ್ಟುತ್ತ ಹೋಗುವ ವ್ಯವಸ್ಥೆಯಲ್ಲಿ ಮಾತು ಬೇರೆ. ಯಾವುದೇ ವ್ಯವಸ್ಥೆಯನ್ನು ಕೊಟ್ಟರೂ ಅದರಲ್ಲಿ ಒಂದು ನಿರ್ದಿಷ್ಟ ಅನುಮತಿ ಎಂದಾದರೂ ಸಲ್ಲದವನಿಗೆ ಸೋರಿ ಹೋಗಬಹುದೇ ಎಂದು ತೀರ್ಮಾನಿಸುವ ಸಾರ್ವತ್ರಿಕ ಕ್ರಮವಿಧಿ ಇರಲಾರದು ಎಂದು ಹ್ಯಾರಿಸನ್, ರುಝೊ ಮತ್ತು ಉಲ್ಮನ್ 1976ರಲ್ಲಿ ಸಾಧಿಸಿ ತೋರಿಸಿದರು. ಇದರಿಂದ ನಿರಾಶರಾಗಬೇಕಿಲ್ಲ. ಅನುಮತಿ ಕೈ ಬದಲಾಯಿಸುವ ನಿಯಮಗಳನ್ನು ಬಿಗಿಯಾಗಿ ಮಿತಿಗೊಳಿಸಿದರೆ ಉತ್ತರ ಸುಲಭವಾಗುತ್ತದೆ. ಟೇಕ್-ಗ್ರಾಂಟ್ ಎಂಬ ಮಾದರಿಯಲ್ಲಿ ವ್ಯವಸ್ಥೆಯ ಗಾತ್ರಕ್ಕೆ ಅನುಪಾತವಾದ ಸಮಯದಲ್ಲೇ ಅದನ್ನು ಕಂಡುಕೊಳ್ಳಬಹುದು. ಎಂದರೆ ವಿಶ್ಲೇಷಿಸಲು ಆಗುವಂತೆ ನಿಯಮಗಳನ್ನು ರೂಪಿಸುವುದು ವಿನ್ಯಾಸಕಾರರ ಕೈಯಲ್ಲೇ ಇದೆ.

ಹರಿವನ್ನೇ ನಿಯಂತ್ರಿಸುವ ಮೊದಲ ಮಾದರಿಗಳು ಯಾವುವು?

1973ರ ಹೊತ್ತಿಗೆ ಡೇವಿಡ್ ಬೆಲ್ ಮತ್ತು ಲೆನಾರ್ಡ್ ಲಾಪಡುಲಾ ಅಮೆರಿಕದ ವಾಯುಪಡೆಯ ಅಗತ್ಯಕ್ಕಾಗಿ ರೂಪಿಸಿದ ಮಾದರಿ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಅದರಲ್ಲಿ ಪ್ರತಿ ಕಡತಕ್ಕೂ ಪ್ರತಿ ಪ್ರೋಗ್ರಾಮ್‌ಗೂ ಗೌಪ್ಯತೆಯ ಒಂದು ಮಟ್ಟವಿದೆ. ತನ್ನ ಮಟ್ಟಕ್ಕಿಂತ ಮೇಲಿನದನ್ನು ಓದುವಂತಿಲ್ಲ ಎಂಬ ಮೊದಲ ನಿಯಮವನ್ನು ಯಾರಾದರೂ ಊಹಿಸಬಹುದು. ಮಾದರಿಯ ನಿಜವಾದ ಸತ್ವ ಇರುವುದು ಎರಡನೆಯ ನಿಯಮದಲ್ಲಿ: ತನ್ನ ಮಟ್ಟಕ್ಕಿಂತ ಕೆಳಗಿನದಕ್ಕೆ ಬರೆಯುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಲೆಕ್ಕದ ಅಧಿಕಾರಿಯ ಪ್ರೋಗ್ರಾಮ್ ವೇತನದ ಮಟ್ಟದಲ್ಲಿ ಓಡುತ್ತಿದ್ದರೆ ಕೆಳಮಟ್ಟದ ಟಿಪ್ಪಣಿಗೆ ಅದು ಬರೆಯಲಾರದು, ಅಧಿಕಾರಿ ಬಯಸಿದರೂ ಬರೆಯಲಾರದು. ನಿಯಮವನ್ನು ಸಡಿಲಿಸುವ ಅಧಿಕಾರ ಕಡತದ ಮಾಲೀಕರಿಗಿಲ್ಲದ ಕಾರಣ ಇದನ್ನು ಕಡ್ಡಾಯ ಪ್ರವೇಶ ನಿಯಂತ್ರಣ ಎನ್ನುತ್ತಾರೆ.

1976ರಲ್ಲಿ ಡೊರೊಥಿ ಡೆನ್ನಿಂಗ್ ಈ ವಿಚಾರವನ್ನು ಲ್ಯಾಟಿಸ್ ಎಂಬ ಗಣಿತ ರಚನೆಯಾಗಿ ಸಾಮಾನ್ಯೀಕರಿಸಿದರು. ಮಟ್ಟಗಳು ಒಂದರ ಮೇಲೊಂದು ಸಾಲಾಗಿ ನಿಲ್ಲಬೇಕೆಂದೇನೂ ಇಲ್ಲ. ವೇತನ ಮತ್ತು ವೈದ್ಯಕೀಯ ದಾಖಲೆ ಎಂಬ ಎರಡು ವರ್ಗಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ಆದರೆ ಎರಡರಿಂದಲೂ ಆಯ್ದು ತಯಾರಿಸಿದ ವರದಿ ಎರಡಕ್ಕೂ ಮೇಲಿನ, ಎರಡನ್ನೂ ಓದಬಲ್ಲವರಿಗೆ ಮಾತ್ರ ಸಲ್ಲುವ ವರ್ಗಕ್ಕೆ ಸೇರುತ್ತದೆ. ವಿಷಯಗಳು ಬೆರೆತಾಗ ಅವುಗಳ ಮಟ್ಟ ಅಥವಾ ವರ್ಗವನ್ನು ಸೂಚಿಸುವ ಲೇಬಲ್‌ಗಳೂ ಬೆರೆಯಬೇಕು ಎಂಬ ಈ ಸರಳ ತತ್ವದ ಮೇಲೆ ಮುಂದಿನ ಬಹುಪಾಲು ಕೆಲಸ ನಿಂತಿದೆ.

ನಾವು ಪಾತ್ರಾಧಾರಿತ ನಿಯಂತ್ರಣ ಬಳಸುತ್ತೇವೆ. ಪಾತ್ರಗಳನ್ನು ಸರಿಯಾಗಿ ಹಂಚಿದರೆ ಸಮಸ್ಯೆ ತಾನಾಗಿಯೇ ಬಗೆಹರಿಯುವುದಿಲ್ಲವೇ?

ಬಗೆಹರಿಯುವುದಿಲ್ಲ. ಪಾತ್ರ ಎಂದರೆ ಅನುಮತಿಗಳ ಒಂದು ಕಟ್ಟು. ಯಾರಿಗೆ ಯಾವ ಕಟ್ಟು ಎಂಬ ಆಡಳಿತವನ್ನು ಅದು ಬಹಳ ಸುಲಭಗೊಳಿಸುತ್ತದೆ; ಫೆರಾಯೊಲೊ ಮತ್ತು ಕುನ್ 1992ರಲ್ಲಿ ಮಂಡಿಸಿದ ಈ ವಿಧಾನ ಇಷ್ಟು ವ್ಯಾಪಕವಾಗಿ ಹರಡಲು ಆ ಅನುಕೂಲವೇ ಕಾರಣ. ಆದರೆ ಒಂದೇ ಕಟ್ಟಿನಲ್ಲಿ ಗೌಪ್ಯ ಕಡತವನ್ನು ಓದುವ ಅನುಮತಿಯೂ ಸಾರ್ವಜನಿಕ ಕಡತಕ್ಕೆ ಬರೆಯುವ ಅನುಮತಿಯೂ ಇದ್ದರೆ ಹಳೆಯ ಸುತ್ತು ದಾರಿ ಹಾಗೆಯೇ ಉಳಿಯುತ್ತದೆ. ಒಬ್ಬರೇ ಎರಡು ಪಾತ್ರಗಳನ್ನು ಒಟ್ಟಿಗೆ ವಹಿಸಿಕೊಂಡಾಗ ಬಿಡಿಯಾಗಿ ನಿರಪಾಯಕಾರಿಯಾದ ಎರಡು ಕಟ್ಟುಗಳು ಸೇರಿ ಹೊಸ ದಾರಿಯೊಂದನ್ನು ತೆರೆಯುವುದೂ ಉಂಟು.

ಇಂಥಲ್ಲಿ ಕೈಗೆಟುಕುವ ಪರಿಹಾರವೆಂದರೆ ಕ್ರಿಯೆಗಳು ನಡೆಯುತ್ತಿರುವಾಗಲೇ ಮೂಲಗಳ ಲೆಕ್ಕ ಇಡುವುದು. ಪ್ರತಿ ಕಡತಕ್ಕೂ ಅದರೊಳಗೆ ಯಾವ ಯಾವ ಕಡತಗಳ ವಿಷಯ ಬಂದು ಸೇರಿದೆ ಎಂಬ ಒಂದು ಮೂಲಪಟ್ಟಿ ಇರುತ್ತದೆ. ನಡೆಯುತ್ತಿರುವ ಪ್ರತಿ ವಹಿವಾಟಿಗೂ, ಎಂದರೆ ಒಂದು ಕೆಲಸಕ್ಕಾಗಿ ಒಟ್ಟಾಗಿ ನಡೆಯುವ ಓದು-ಬರಹಗಳ ಸರಣಿಗೂ, ಅಂಥದೇ ಪಟ್ಟಿ ಇರುತ್ತದೆ. ವಹಿವಾಟು ಕಡತವನ್ನು ಓದಿದಾಗ ಆ ಕಡತದ ಹೆಸರೂ ಅದರ ಮೂಲಪಟ್ಟಿಯೂ ವಹಿವಾಟಿನ ಪಟ್ಟಿಗೆ ಸೇರುತ್ತವೆ, ಬರೆದಾಗ ವಹಿವಾಟಿನ ಪಟ್ಟಿ ಕಡತದ ಪಟ್ಟಿಗೆ ಸೇರುತ್ತದೆ. ಯಾರಾದರೂ ಒಂದು ಕಡತವನ್ನು ಓದಲು ಬಂದಾಗ ಅದರ ಮೂಲಪಟ್ಟಿಯಲ್ಲಿರುವ ಎಲ್ಲವನ್ನೂ ಅವರ ಪಾತ್ರ ಓದಬಲ್ಲದೇ ಎಂದು ನೋಡಿ, ಒಂದೇ ಒಂದು ಸಲ್ಲದಿದ್ದರೂ ವಹಿವಾಟನ್ನು ರದ್ದುಗೊಳಿಸಬೇಕು. ಹೀಗೆ ಮಾಡಿದಾಗ ನಮ್ಮ ಎಂಜಿನಿಯರ್‌ಗೆ ಟಿಪ್ಪಣಿ ಕಡತ ಎಂದಿನಂತೆ ತೆರೆದೇ ಇರುತ್ತದೆ. ವೇತನದ ಸಾಲುಗಳು ಅದರೊಳಗೆ ಬಂದ ಕ್ಷಣದಿಂದ ಮಾತ್ರ ಮುಚ್ಚುತ್ತದೆ.

ಓದುವಾಗ ತಡೆಯುವುದು ಒಳ್ಳೆಯದೋ, ಬರೆಯುವಾಗಲೇ ತಡೆಯುವುದೋ?

ಬರೆಯುವಾಗಲೇ ತಡೆದರೆ ಗೌಪ್ಯ ವಿಷಯ ತಪ್ಪು ಜಾಗದಲ್ಲಿ ಕಾಲಿಡುವುದೇ ಇಲ್ಲ, ಮೂಲಪಟ್ಟಿಯನ್ನು ಕಡತದ ಜೊತೆ ಕಾಯ್ದುಕೊಳ್ಳುವ ಹೊರೆಯೂ ಕಡಿಮೆ. ಆದರೆ ಆ ಕಡತವನ್ನು ಸಲ್ಲದವರು ಮುಂದೆ ಓದದೆಯೂ ಇರಬಹುದಾದ್ದರಿಂದ ಅನಗತ್ಯವಾಗಿ ನಿಲ್ಲಿಸಿದ ಕೆಲಸಗಳ ಸಂಖ್ಯೆ ಏರುತ್ತದೆ. ಓದುವಾಗ ತಡೆದರೆ ಕೆಲಸ ಸರಾಗವಾಗಿ ಸಾಗುತ್ತದೆ, ಆದರೆ ಮೂಲಪಟ್ಟಿ ಎಲ್ಲಿಯೂ ಕಳೆದುಹೋಗದಂತೆ ನೋಡಿಕೊಳ್ಳಬೇಕು. ಇಮೇಲ್‌ಗೆ ಲಗತ್ತಿಸಿದ, ಪೆನ್‌ಡ್ರೈವ್‌ಗೆ ಇಳಿಸಿದ, ಲೇಬಲ್ ಅರಿಯದ ಇನ್ನೊಂದು ವ್ಯವಸ್ಥೆಗೆ ರವಾನಿಸಿದ ಪ್ರತಿಗೆ ಪಟ್ಟಿ ಅಂಟಿಕೊಂಡು ಹೋಗುವುದಿಲ್ಲ. ಆದ್ದರಿಂದ ವ್ಯವಸ್ಥೆಯ ಒಳಗೆ ಓದುವಾಗಿನ ತಡೆ, ಹೊರಹೋಗುವ ಬಾಗಿಲುಗಳಲ್ಲಿ ಬರೆಯುವಾಗಿನ ತಡೆ ಎಂಬ ಹಂಚಿಕೆ ನನಗೆ ಹೆಚ್ಚು ಸಮಂಜಸವೆನಿಸುತ್ತದೆ.

ಮೂಲಪಟ್ಟಿಗಳು ಬೆಳೆಯುತ್ತಲೇ ಹೋದರೆ ಕೊನೆಗೆ ಯಾರೂ ಏನನ್ನೂ ಓದಲಾಗದ ಸ್ಥಿತಿ ಬರುವುದಿಲ್ಲವೇ?

ಬರುತ್ತದೆ. ಹರಿವಿನ ನಿಯಂತ್ರಣವನ್ನು ಜಾರಿಗೆ ತಂದ ಅನೇಕ ಕಡೆ ಜನರು ಅದನ್ನು ಕಿತ್ತೊಗೆಯುವುದು ಈ ಕಾರಣಕ್ಕೇ. ಒಮ್ಮೆ ಏರಿದ ಲೇಬಲ್ ತಾನಾಗಿ ಇಳಿಯುವುದಿಲ್ಲ. ಗೌಪ್ಯ ಕಡತದಿಂದ ಒಂದು ದಿನಾಂಕವನ್ನಷ್ಟೇ ತೆಗೆದುಕೊಂಡರೂ ಇಡೀ ವರದಿಗೆ ಆ ಕಡತದ ನಿರ್ಬಂಧ ತಗಲುತ್ತದೆ, ವರದಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ.

ಇದನ್ನು ಹತೋಟಿಯಲ್ಲಿಡುವ ಉಪಾಯಗಳಿವೆ. ಕಡತದ ಹಳೆಯ ವಿಷಯವನ್ನು ಪೂರ್ತಿಯಾಗಿ ಅಳಿಸಿ ಹೊಸದನ್ನು ಬರೆದಾಗ ಹಳೆಯ ಮೂಲಪಟ್ಟಿಯನ್ನೂ ಕೈಬಿಡಬಹುದು. ಕೊನೆಗೆ ಸಾಲು ಸೇರಿಸಿದಾಗ ಮಾತ್ರ ಪಟ್ಟಿಗಳನ್ನು ಕೂಡಿಸಬೇಕು. ಕೆಲವು ಮಾಹಿತಿಗೆ ಕಾಲ ಕಳೆದಂತೆ ಬೆಲೆ ಇಲ್ಲವಾಗುವುದರಿಂದ ಮೂಲಕ್ಕೆ ಅವಧಿಯೊಂದನ್ನು ಗೊತ್ತುಪಡಿಸಬಹುದು. ದೊಡ್ಡ ಕಡತದ ಬದಲು ಅದರ ಒಂದೊಂದು ವಿಭಾಗಕ್ಕೂ ಲೇಬಲ್ ಹಚ್ಚಿದರೆ ನಿರ್ಬಂಧ ತಗಲುವ ಪ್ರದೇಶ ಕಿರಿದಾಗುತ್ತದೆ. ಒಂದೇ ಪ್ರೋಗ್ರಾಮ್ ದಿನವಿಡೀ ಓಡುತ್ತ ಎಲ್ಲರ ಕೆಲಸವನ್ನೂ ಮಾಡುವ ಬದಲು ಪ್ರತಿ ಕೋರಿಕೆಗೂ ಪ್ರತ್ಯೇಕ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ) ಹುಟ್ಟಿ ಸಾಯುವಂತೆ ಮಾಡುವುದು ಇವೆಲ್ಲಕ್ಕಿಂತ ಪರಿಣಾಮಕಾರಿ. ಆಸ್‌ಬೆಸ್ಟಾಸ್, ಹೈಸ್ಟಾರ್, ಫ್ಲೂಮ್ ಎಂಬ ಸಂಶೋಧನಾ ವ್ಯವಸ್ಥೆಗಳು 2005ರಿಂದ 2007ರ ನಡುವೆ ಲೇಬಲ್‌ಗಳನ್ನು ಪ್ರೊಸೆಸ್‌ಗಳ ಮಟ್ಟದಲ್ಲೇ ಅಂಟಿಸಿ ಕೆಲಸ ಮಾಡಿ ತೋರಿಸಿದವು.

ಲೇಬಲ್ ಇಳಿಸಲೇಬೇಕಾದ ಸಂದರ್ಭಗಳಲ್ಲಿ ಏನು ಮಾಡಬೇಕು?

ಎಲ್ಲರ ವೇತನ ಗುಟ್ಟಾಗಿದ್ದರೂ ಒಟ್ಟು ವೇತನ ವೆಚ್ಚವನ್ನು ಪ್ರಕಟಿಸಬೇಕಾಗುತ್ತದೆ. ಗುಪ್ತಪದವನ್ನು ಬಚ್ಚಿಟ್ಟರೂ ನೀವು ಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳಲೇಬೇಕಾಗುತ್ತದೆ, ಹಾಗೆ ಹೇಳುವುದರಲ್ಲೂ ಒಂದಿಷ್ಟು ಮಾಹಿತಿ ಹೊರಬರುತ್ತದೆ. ಹಾಗಾಗಿ ಉದ್ದೇಶಪೂರ್ವಕವಾಗಿ ನಿರ್ಬಂಧ ಸಡಿಲಿಸುವ ದಾರಿ ಯಾವ ವ್ಯವಸ್ಥೆಗೂ ಬೇಕು. ಆ ಅಧಿಕಾರ ಯಾರಿಗಿದೆ, ಏನನ್ನು ಬಿಡುಗಡೆ ಮಾಡಬಹುದು, ವ್ಯವಸ್ಥೆಯ ಯಾವ ಜಾಗದಲ್ಲಿ, ಯಾವಾಗ ಎಂಬ ನಾಲ್ಕನ್ನೂ ಮೊದಲೇ ಬರೆದಿಡಬೇಕು. ಬಿಡುಗಡೆ ಮಾಡುವ ಪ್ರೋಗ್ರಾಮ್ ಒಬ್ಬರು ಕುಳಿತು ಪೂರ್ತಿ ಓದಿ ಅರ್ಥ ಮಾಡಿಕೊಳ್ಳುವಷ್ಟು ಚಿಕ್ಕದಾಗಿರಬೇಕು. ಮೈಯರ್ಸ್ ಮತ್ತು ಲಿಸ್ಕೊವ್ 1997ರಲ್ಲಿ ಮಂಡಿಸಿದ ವಿಕೇಂದ್ರಿತ ಲೇಬಲ್ ಮಾದರಿಯಲ್ಲಿ ಮಾಹಿತಿಯ ಒಡೆಯರು ತಾವು ಹಾಕಿದ ನಿರ್ಬಂಧವನ್ನು ಮಾತ್ರ ತಾವು ಸಡಿಲಿಸಬಹುದು, ಬೇರೆಯವರು ಹಾಕಿದ್ದನ್ನಲ್ಲ. ಹಲವು ಒಡೆಯರ ಮಾಹಿತಿ ಬೆರೆಯುವ ಇಂದಿನ ಸೇವೆಗಳಿಗೆ ಇದಕ್ಕಿಂತ ನ್ಯಾಯವಾದ ಏರ್ಪಾಡು ನನಗೆ ಕಂಡಿಲ್ಲ.

ಪ್ರೋಗ್ರಾಮಿನ ಒಳಗೆ ನಡೆಯುವ ಹರಿವನ್ನು ಹಿಡಿಯುವುದು ಹೇಗೆ?

ಪ್ರೋಗ್ರಾಮ್ ಬೆಲೆಗಳನ್ನು ಇಟ್ಟುಕೊಳ್ಳುವ ಹೆಸರುಳ್ಳ ಜಾಗಗಳೇ ಚರಗಳು. ಒಂದು ಚರದ ಬೆಲೆಯನ್ನು ಇನ್ನೊಂದಕ್ಕೆ ಹಾಕಿದಾಗ ನಡೆಯುವ ನೇರ ಹರಿವು ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಪರೋಕ್ಷ ಹರಿವು. ಗೌಪ್ಯ ಚರ ಸೊನ್ನೆಯಾಗಿದ್ದರೆ ಸಾರ್ವಜನಿಕ ಚರಕ್ಕೆ ಸೊನ್ನೆ ಹಾಕು, ಇಲ್ಲದಿದ್ದರೆ ಒಂದನ್ನು ಹಾಕು ಎಂಬ ಆದೇಶದಲ್ಲಿ ಗೌಪ್ಯ ಬೆಲೆಯನ್ನು ಎಲ್ಲಿಯೂ ನಕಲು ಮಾಡಿಲ್ಲ. ಆದರೂ ಸಾರ್ವಜನಿಕ ಚರವನ್ನು ನೋಡಿದವರಿಗೆ ಗುಟ್ಟು ತಿಳಿಯುತ್ತದೆ. ಆದ್ದರಿಂದ ಕವಲೊಡೆಯುವ ಷರತ್ತಿನ ಲೇಬಲ್ ಆ ಕವಲಿನೊಳಗೆ ಬರೆಯುವ ಎಲ್ಲದಕ್ಕೂ ತಗಲಬೇಕು. ಪ್ರೋಗ್ರಾಮನ್ನು ಓಡಿಸುವ ಮೊದಲೇ ಹೀಗೆ ಪರೀಕ್ಷಿಸಿ ಪ್ರಮಾಣೀಕರಿಸುವ ವಿಧಾನವನ್ನು ಡೊರೊಥಿ ಮತ್ತು ಪೀಟರ್ ಡೆನ್ನಿಂಗ್ 1977ರಲ್ಲಿ ಪ್ರಕಟಿಸಿದರು. ಓಡುವಾಗ ಮಾತ್ರ ಗುರುತು ಹಚ್ಚಿ ಹಿಂಬಾಲಿಸುವ ಸಾಧನಗಳಲ್ಲಿ ಹಲವು ನೇರ ಹರಿವನ್ನಷ್ಟೇ ಹಿಡಿಯುತ್ತವೆ. ಆಂಡ್ರಾಯ್ಡ್ ಫೋನುಗಳಿಗಾಗಿ 2010ರಲ್ಲಿ ಬಂದ ಟೇಂಟ್‌ಡ್ರಾಯ್ಡ್ ಕೂಡ ಅಂಥದ್ದೇ. ನಡೆಯದೇ ಉಳಿದ ಕವಲು ಕೂಡ ಮಾಹಿತಿ ಕೊಡುತ್ತದೆ ಎಂಬುದು ಅವುಗಳ ಕಣ್ಣಿಗೆ ಬೀಳುವುದಿಲ್ಲ.

ಗುಪ್ತ ಹಾದಿ ಎಂದರೇನು? ಅದನ್ನು ಪೂರ್ತಿ ಮುಚ್ಚಬಹುದೇ?

ಮಾಹಿತಿ ರವಾನೆಗೆಂದು ನಿರ್ಮಿಸದ ಸೌಲಭ್ಯವನ್ನು ರವಾನೆಗೆ ಬಳಸಿದರೆ ಅದು ಗುಪ್ತ ಹಾದಿ. ಬಟ್ಲರ್ ಲ್ಯಾಂಪ್ಸನ್ 1973ರಲ್ಲಿ ಇದನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ವಿವರಿಸಿದರು: ಸೇವೆಯೊಂದು ಬೇಕೆಂದೇ ವ್ಯವಸ್ಥೆಯ ಹೊರೆಯನ್ನು ಏರಿಳಿಸಿದರೆ, ಅದನ್ನು ಅಳೆಯುತ್ತ ಕುಳಿತ ಇನ್ನೊಂದು ಪ್ರೋಗ್ರಾಮ್ ಆ ಏರಿಳಿತವನ್ನೇ ಅಕ್ಷರಗಳಾಗಿ ಓದಿಕೊಳ್ಳಬಹುದು. ಡಿಸ್ಕ್ ತುಂಬಿದೆಯೇ ಇಲ್ಲವೇ, ಕಡತಕ್ಕೆ ಬೀಗ ಹಾಕಿದೆಯೇ ಇಲ್ಲವೇ ಎಂಬಂಥ ಸ್ಥಿತಿಗಳೂ ಸಂಕೇತವಾಗಬಲ್ಲವು.

ಹಲವು ಮಟ್ಟಗಳ ದತ್ತಾಂಶ ಸಂಗ್ರಹದಲ್ಲಿ ಇದು ವಿಚಿತ್ರ ರೂಪದಲ್ಲಿ ತಲೆದೋರುತ್ತದೆ. ಕೆಳಮಟ್ಟದ ಬಳಕೆದಾರ ಒಂದು ಗುರುತಿನ ಸಂಖ್ಯೆಯೊಂದಿಗೆ ಹೊಸ ಸಾಲು ಸೇರಿಸಲು ಹೋದಾಗ, ಅದೇ ಸಂಖ್ಯೆಯ ಸಾಲು ಅವನಿಗೆ ಕಾಣದ ಮೇಲ್ಮಟ್ಟದಲ್ಲಿ ಇದೆ ಎನ್ನಿ. ನಿರಾಕರಿಸಿದರೆ ಅಲ್ಲೊಂದು ಗೌಪ್ಯ ಸಾಲು ಇದೆಯೆಂದು ಸಾರಿದಂತೆ, ಮೇಲೆ ಬರೆದರೆ ಗೌಪ್ಯ ಸಾಲು ನಾಶ. ಅದಕ್ಕಾಗಿ ಒಂದೇ ಸಂಖ್ಯೆಯ ಎರಡು ಸಾಲುಗಳನ್ನು ಬೇರೆ ಬೇರೆ ಮಟ್ಟದಲ್ಲಿ ಉಳಿಸಿಕೊಳ್ಳುವ ಪದ್ಧತಿ ಬಂತು.

ಪೂರ್ತಿ ಮುಚ್ಚುವುದು ಸಾಮಾನ್ಯ ಬಳಕೆಯ ಯಂತ್ರಗಳಲ್ಲಿ ಆಗದ ಮಾತು. ಅಮೆರಿಕದ ರಕ್ಷಣಾ ಇಲಾಖೆಯ ಮೌಲ್ಯಮಾಪನ ಮಾನದಂಡ, ಎಂದರೆ ಆರೆಂಜ್ ಬುಕ್ ಎಂದು ಹೆಸರಾದ 1985ರ ದಾಖಲೆ, ಇದನ್ನು ಒಪ್ಪಿಕೊಂಡೇ ವೇಗದ ಲೆಕ್ಕದಲ್ಲಿ ಮಾತಾಡಿತು: ಸೆಕೆಂಡಿಗೆ 1 ಬಿಟ್‌ಗಿಂತ ಕಡಿಮೆ ಸೋರುವ ಹಾದಿಯನ್ನು ಬಹುಪಾಲು ಸಂದರ್ಭಗಳಲ್ಲಿ ಸಹಿಸಬಹುದು, 100 ಬಿಟ್‌ಗಿಂತ ಹೆಚ್ಚಾದರೆ ಅದು ಅತಿಯಾಯಿತು. ಆ ದಾಖಲೆಯ ಕಾಲದಲ್ಲಿ ಊಹಿಸಿರದ ವೇಗದ ಹಾದಿಗಳು ಪ್ರೊಸೆಸರ್‌ಗಳ ಒಳಗೇ ಇದ್ದವು ಎಂಬುದು ಜನವರಿ 2018ರಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು ಬಯಲಾದಾಗ ಜಗತ್ತಿಗೆಲ್ಲ ತಿಳಿಯಿತು. ಮುಂದಾಗಿಯೇ ಊಹಿಸಿ ನಡೆಸಿದ, ಆಮೇಲೆ ರದ್ದಾದ ಆದೇಶಗಳೂ ಕ್ಯಾಶ್ ಎಂಬ ಪ್ರೊಸೆಸರಿನ ವೇಗದ ತಾತ್ಕಾಲಿಕ ಸ್ಮೃತಿಯಲ್ಲಿ ಕುರುಹು ಉಳಿಸುತ್ತವೆ. ಯಾವ ವಿಳಾಸ ಬೇಗ ಸಿಕ್ಕಿತು ಎಂದು ಸಮಯ ಅಳೆದರೆ ಆ ಕುರುಹು ಗುಟ್ಟನ್ನು ಹೇಳುತ್ತದೆ. ಅತಿ ಗೌಪ್ಯವಾದದ್ದನ್ನು ಬೇರೆಯವರ ಜೊತೆ ಒಂದೇ ಯಂತ್ರದಲ್ಲಿ ಓಡಿಸದಿರುವುದೇ ಇಲ್ಲಿ ಭರವಸೆಯ ಉಪಾಯ.

ಗೂಢಲಿಪೀಕರಣ ಮಾಡಿದರೆ ಸಾಲದೇ?

ಸಾಲದು. ಕೀಲಿ ಇಲ್ಲದವರಿಂದ ಅದು ರಕ್ಷಿಸುತ್ತದೆ. ಅಕ್ರಮ ಹರಿವು ನಡೆಯುವುದು ಕೀಲಿ ಇರುವವರು ಬಿಡಿಸಿ ಓದಿದ ನಂತರ.

ಮಾಹಿತಿ ಹಾಳಾಗುವುದನ್ನೂ ಹೀಗೆಯೇ ತಡೆಯಬಹುದೇ?

ತಡೆಯಬಹುದು, ಬಾಣಗಳ ದಿಕ್ಕನ್ನು ತಿರುಗಿಸಬೇಕು ಅಷ್ಟೆ. ಕೆನೆತ್ ಬೀಬಾ ಅವರ ಮಾದರಿಯಲ್ಲಿ ವಿಶ್ವಾಸಾರ್ಹ ಪ್ರೋಗ್ರಾಮ್ ತನಗಿಂತ ಕಡಿಮೆ ವಿಶ್ವಾಸಾರ್ಹವಾದುದನ್ನು ಓದುವಂತಿಲ್ಲ, ಕೆಳಗಿನದು ಮೇಲಿನದಕ್ಕೆ ಬರೆಯುವಂತಿಲ್ಲ. ವಿಂಡೋಸ್ ವಿಸ್ತಾದಿಂದೀಚೆಗೆ ಬ್ರೌಸರ್‌ನಂಥ ಅಪಾಯಕ್ಕೊಡ್ಡಿದ ಪ್ರೊಸೆಸ್‌ಗಳನ್ನು ಕೆಳಮಟ್ಟದಲ್ಲಿ ಓಡಿಸಿ, ಅವು ಮೇಲಿನ ಕಡತಗಳಿಗೆ ಬರೆಯದಂತೆ ತಡೆಯುವುದು ಇದೇ ವಿಚಾರದ ಒಂದು ಭಾಗ.

ಹುಡುಕಾಟದ ಸೂಚಿ, ಬ್ಯಾಕಪ್, ದೋಷ ಸಂದೇಶ ಇವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೇ?

ಖಂಡಿತ ಹಿಡಿಯಬೇಕು. ಶಾಸ್ತ್ರೀಯ ಮಾದರಿಗಳ ಚರ್ಚೆಯಲ್ಲಿ ಮುಳುಗಿದವರು ಮರೆಯುವುದು ಇವನ್ನೇ. ಸೂಚಿ ತಯಾರಿಸುವ ಪ್ರೋಗ್ರಾಮ್ ಎಲ್ಲ ಕಡತಗಳನ್ನೂ ಓದಬಲ್ಲ ಖಾತೆಯಲ್ಲಿ ಓಡುತ್ತದೆ. ಹುಡುಕಿದವರಿಗೆ ಕಡತವನ್ನು ತೆರೆಯಲು ಬಿಡದಿದ್ದರೂ ಫಲಿತಾಂಶದಲ್ಲಿ ತೋರುವ ಎರಡು ಸಾಲಿನ ತುಣುಕು, ಒಟ್ಟು ಎಷ್ಟು ಸಿಕ್ಕವು ಎಂಬ ಎಣಿಕೆ, ಟೈಪಿಸುತ್ತಿರುವಾಗಲೇ ಮೂಡುವ ಸಲಹೆ ಇವೆಲ್ಲ ಒಳಗಿನದನ್ನು ಹೊರಗೆ ತರುತ್ತವೆ. ಅನುಮತಿ ಇಲ್ಲ ಎಂಬ ಸಂದೇಶಕ್ಕೂ ಅಂಥ ಕಡತವೇ ಇಲ್ಲ ಎಂಬ ಸಂದೇಶಕ್ಕೂ ವ್ಯತ್ಯಾಸವಿದ್ದರೆ ಹೆಸರುಗಳನ್ನು ಒಂದೊಂದಾಗಿ ಊಹಿಸಿ ಯಾವುದು ಇದೆ ಎಂದು ತಿಳಿಯಬಹುದು. ಅದಕ್ಕಾಗಿ ಎರಡಕ್ಕೂ ಒಂದೇ ಉತ್ತರ ಕೊಡುವುದು ಕ್ಷೇಮ. ದಾಖಲೆಗಳನ್ನು ಓದಿ ಪ್ರಶ್ನೆಗೆ ಉತ್ತರ ಬರೆಯುವ ಭಾಷಾ ಮಾದರಿಗಳನ್ನು ಈಗ ಇಂಥ ಸಂಗ್ರಹಗಳ ಮೇಲೆ ಕೂರಿಸುತ್ತಿದ್ದಾರೆ. ಅಲ್ಲಿಯೂ ಆಯ್ಕೆಯಾಗುವ ದಾಖಲೆಗಳು ಕೇಳಿದವರ ಅನುಮತಿಗೆ ಒಳಪಟ್ಟಿರಬೇಕು, ಬರೆದ ಉತ್ತರಕ್ಕೆ ಬಳಸಿದ ಎಲ್ಲ ದಾಖಲೆಗಳ ಲೇಬಲ್‌ಗಳೂ ಕೂಡಿ ತಗಲಬೇಕು.

ಇವನ್ನೆಲ್ಲ ಇಂದಿನ ವ್ಯವಸ್ಥೆಗಳಲ್ಲಿ ಎಲ್ಲಿಂದ ಆರಂಭಿಸಬೇಕು?

ಹೊಸ ಆಪರೇಟಿಂಗ್ ಸಿಸ್ಟಮ್ ಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2000ದ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ, ಲಿನಕ್ಸ್‌ಗೆ ಕಡ್ಡಾಯ ಪ್ರವೇಶ ನಿಯಂತ್ರಣ ತರುವ ಎಸ್‌ಇಲಿನಕ್ಸ್ 2003ರಲ್ಲಿ ಲಿನಕ್ಸ್‌ನ ಮೂಲ ತಿರುಳಿಗೇ, ಎಂದರೆ ಕರ್ನೆಲ್‌ಗೇ, ಸೇರಿತು, ಆಂಡ್ರಾಯ್ಡ್ ಫೋನುಗಳಲ್ಲೂ ಅದು ಕೆಲಸ ಮಾಡುತ್ತಿದೆ. ತೊಡಕು ಕೊಟ್ಟಾಗ ಅದನ್ನು ನಿಲ್ಲಿಸಿಬಿಡುವ ಬದಲು, ಉಲ್ಲಂಘನೆಯನ್ನು ತಡೆಯದೆ ದಾಖಲಿಸುವ ಸ್ಥಿತಿಯಲ್ಲಿ ಕೆಲವು ವಾರ ಓಡಿಸಿ, ನಿಯಮಗಳನ್ನು ತಿದ್ದಿ, ಆಮೇಲೆ ಬಿಗಿಗೊಳಿಸಿ. ಎಲ್ಲ ಕಡತಗಳಿಗೂ ಒಮ್ಮೆಲೇ ಲೇಬಲ್ ಹಚ್ಚಲು ಹೋಗಬೇಡಿ. ಸೋರಿದರೆ ಸರಿಪಡಿಸಲಾಗದ ನಾಲ್ಕೈದು ಸಂಗ್ರಹಗಳನ್ನು ಆರಿಸಿ, ಅವುಗಳಿಂದ ಹೊರಡುವ ಬಾಣಗಳನ್ನು ಬರೆದು, ಅವನ್ನು ಓದಬಲ್ಲ ಪಾತ್ರಗಳಿಂದ ಎಲ್ಲರೂ ಓದುವ ಜಾಗಗಳಿಗೆ ಬರೆಯುವ ಅನುಮತಿಯನ್ನು ತೆಗೆದುಹಾಕಿ. ಒಬ್ಬರೇ ಎರಡೂ ಕೆಲಸ ಮಾಡಬೇಕಾದರೆ ಎರಡು ಪ್ರತ್ಯೇಕ ಲಾಗಿನ್ ಇರಲಿ.

ನಮ್ಮ ತಡೆ ನಿಜಕ್ಕೂ ಕೆಲಸ ಮಾಡುತ್ತಿದೆ ಎಂದು ಪರೀಕ್ಷಿಸುವುದು ಹೇಗೆ?

ಗೊಗೆನ್ ಮತ್ತು ಮೆಸೆಗರ್ 1982ರಲ್ಲಿ ಕೊಟ್ಟ ಕಲ್ಪನೆ ಇಲ್ಲಿ ನೇರವಾಗಿ ನೆರವಿಗೆ ಬರುತ್ತದೆ: ಮೇಲ್ಮಟ್ಟದಲ್ಲಿ ಏನೇ ನಡೆದರೂ ಕೆಳಮಟ್ಟದವರಿಗೆ ಕಾಣುವುದರಲ್ಲಿ ಯಾವ ವ್ಯತ್ಯಾಸವೂ ಆಗಬಾರದು. ಸೆಲ್4 ಎಂಬ ಪುಟ್ಟ ಕರ್ನೆಲ್‌ಗೆ ಇಂಥ ಗುಣವಿದೆಯೆಂದು 2013ರಲ್ಲಿ ಯಂತ್ರ ಪರಿಶೀಲಿಸಿದ ಗಣಿತ ಸಾಧನೆಯ ಮೂಲಕ ತೋರಿಸಿದ್ದಾರೆ, ಆದರೆ ಸಮಯ ಅಳೆಯುವ ಹಾದಿಗಳು ಆ ಸಾಧನೆಯ ವ್ಯಾಪ್ತಿಯಲ್ಲಿ ಇರಲಿಲ್ಲ. ದೊಡ್ಡ ವ್ಯವಸ್ಥೆಗೆ ಅಂಥ ಸಾಧನೆ ಆಗದಿದ್ದರೂ ಪರೀಕ್ಷೆಯಾಗಿ ಬಳಸಬಹುದು. ಗೌಪ್ಯ ಕಡತದಲ್ಲಿ ಮಾತ್ರ ಬೇರೆಯಾಗಿರುವ, ಉಳಿದೆಲ್ಲ ಒಂದೇ ಆಗಿರುವ ಎರಡು ಪ್ರತಿಗಳನ್ನು ಸಿದ್ಧಪಡಿಸಿ, ಎರಡರಲ್ಲೂ ಒಂದೇ ಕೆಲಸವನ್ನು ನಡೆಸಿ. ಅನುಮತಿ ಇಲ್ಲದ ಬಳಕೆದಾರನಿಗೆ ಕಾಣುವ ಪುಟಗಳು, ಹುಡುಕಾಟದ ಎಣಿಕೆಗಳು, ದೋಷ ಸಂದೇಶಗಳು, ಕಡತಗಳ ಗಾತ್ರ ಮತ್ತು ತಿದ್ದಿದ ಸಮಯ ಇವನ್ನು ಹೋಲಿಸಿ ನೋಡಿದಾಗ ಒಂದು ಅಕ್ಷರ ಬೇರೆಯಾದರೂ ಅದು ಬಂದ ದಾರಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ಹೊಸ ಸೌಲಭ್ಯ ಸೇರಿಸಿದಾಗಲೆಲ್ಲ ಈ ಹೋಲಿಕೆಯನ್ನು ಮತ್ತೆ ನಡೆಸಬೇಕು, ಏಕೆಂದರೆ ಹೊಸ ಬಾಣಗಳು ಹುಟ್ಟುವುದು ಆಗಲೇ.